ಓಟದ ಕಸ ರಸ್ತೆಯಲ್ಲಿ ಹುಟ್ಟುವುದಿಲ್ಲ

ಸಮುದಾಯ ಓಟವೊಂದು ಮುಗಿದ ಮೇಲೆ ಎರಡು ಥರದ ಫೋಟೋ ಹರಿದಾಡುತ್ತವೆ. ಒಂದರಲ್ಲಿ ಪದಕ ಹಿಡಿದು ನಗುವವರು. ಇನ್ನೊಂದರಲ್ಲಿ ರಸ್ತೆ ತುಂಬ ತುಳಿದು ಚಪ್ಪಟೆಯಾದ ಪೇಪರ್ ಲೋಟಗಳು. ಎರಡನೆಯದರ ಕೆಳಗೆ ಬರುವ ಮಾತು ಹೆಚ್ಚುಕಮ್ಮಿ ಒಂದೇ: ‘ಆರೋಗ್ಯಕ್ಕೆ ಅಂತ ಓಡ್ತಾರೆ, ಕಸ ಎಸೆಯೋ ಬುದ್ಧಿ ಮಾತ್ರ ಬಿಡಲ್ಲ.’

ಬೈಯೋದು ಸುಲಭ. ಆದರೆ ಆ ಲೋಟ ಅಲ್ಲಿಗೆ ಹೇಗೆ ಬಂತು ಅಂತ ಕೇಳಿ ನೋಡಿ. ಓಟಕ್ಕೆ ತಿಂಗಳಿರುವಾಗಲೇ ಆಯೋಜಕರು ಕೂತು ‘ಲೋಟ ಇಷ್ಟು ಸಾವಿರ, ಬಾಟಲಿ ಇಷ್ಟು ಪೆಟ್ಟಿಗೆ’ ಅಂತ ಬರೆದಿರುತ್ತಾರೆ. ಓಡುವವರ ಕೈಗೆ ಅದನ್ನು ಕೊಡುವುದೂ ಅವರ ಸ್ವಯಂಸೇವಕರೇ. ಕುಡಿದು ಅಲ್ಲೇ ಬಿಸಾಡಿ, ನಾವು ಎತ್ತುತ್ತೇವೆ ಅನ್ನುವುದು ರಸ್ತೆ ಓಟಗಳಲ್ಲಿ ಬಹಳ ಕಾಲದಿಂದ ನಡೆದುಬಂದ ಪದ್ಧತಿ. ಹೀಗಿರುವಾಗ ಓಟಗಾರರ ಸಂಸ್ಕಾರದ ಬಗ್ಗೆ ಭಾಷಣ ಮಾಡಿ ಪ್ರಯೋಜನವಿಲ್ಲ. ಓಟದ ಕಸದಲ್ಲಿ ದೊಡ್ಡ ಪಾಲು ಹುಟ್ಟುವುದು ಖರೀದಿಯ ಪಟ್ಟಿಯಲ್ಲಿ. ಅದನ್ನು ಕಡಿಮೆ ಮಾಡುವ ಜಾಗವೂ ಅದೇ.

ಒಂದು ಸಣ್ಣ ಲೆಕ್ಕ ಹಾಕೋಣ. ಸಾವಿರ ಜನ ಓಡುವ 10 ಕಿ.ಮೀ. ಓಟ ಅಂದುಕೊಳ್ಳಿ. ದಾರಿಯಲ್ಲಿ ಎರಡು ಕಡೆ ನೀರು, ಮುಗಿಯುವಲ್ಲಿ ಇನ್ನೊಂದು ಕಡೆ. ಒಬ್ಬೊಬ್ಬರು ಒಂದೊಂದೇ ಲೋಟ ತೆಗೆದುಕೊಂಡರೂ ಮೂರು ಸಾವಿರ ಲೋಟ ಆಯಿತು. ಬಿಸಿಲಿದ್ದರೆ ಒಂದು ಕುಡಿಯೋಕೆ, ಒಂದು ತಲೆ ಮೇಲೆ ಸುರಿದುಕೊಳ್ಳೋಕೆ, ಲೆಕ್ಕ ದುಪ್ಪಟ್ಟು. ಇನ್ನು ಯಾರೂ ಮುಟ್ಟದ ಲೋಟಗಳೂ ಇವೆ. ಜನ ನುಗ್ಗಿ ಬರುತ್ತಾರೆ ಅಂತ ಸ್ವಯಂಸೇವಕರು ಮೊದಲೇ ನೂರಾರು ಲೋಟ ತುಂಬಿಸಿ, ನಡುವೆ ರಟ್ಟಿನ ಹಾಳೆ ಇಟ್ಟು ಒಂದರ ಮೇಲೊಂದು ಪೇರಿಸಿರುತ್ತಾರೆ. ಕೊನೆಯ ಓಟಗಾರ ದಾಟಿದ ಮೇಲೆ ಉಳಿದ ಲೋಟಗಳ ನೀರು ಚರಂಡಿಗೆ, ಲೋಟ ಚೀಲಕ್ಕೆ. ಒಬ್ಬರ ತುಟಿಗೂ ತಾಗದೆ ಕಸವಾದ ಲೋಟ ಅದು. ಹೀಗೆ ಹೋಗುವ ಲೋಟಗಳನ್ನು ಉಳಿಸುವುದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ. ಒಂದು ಸಾಲು ಖಾಲಿಯಾಗುತ್ತಾ ಬಂದಾಗ ಇನ್ನೊಂದು ಸಾಲು ತುಂಬಿಸಿದರೆ ಸಾಕು. ಆದರೆ ಹೀಗೆ ಮಾಡಿ ಅಂತ ಓಟದ ಹಿಂದಿನ ದಿನ ಯಾರಾದರೂ ಅವರಿಗೆ ಹೇಳಿರಬೇಕು, ಅಷ್ಟೇ.

ದೊಡ್ಡ ಓಟವೊಂದರ ಉದಾಹರಣೆ ಇಲ್ಲಿ ಚೆನ್ನಾಗಿ ಕೂರುತ್ತದೆ. 2019ರ ಲಂಡನ್ ಮ್ಯಾರಥಾನ್‌ನಲ್ಲಿ ಕಡಲಕಳೆಯಿಂದ ಮಾಡಿದ, ಬಾಯಿಗೆ ಹಾಕಿಕೊಂಡು ನುಂಗಬಹುದಾದ ಪಾನೀಯದ ಗುಳ್ಳೆಗಳನ್ನು ಹಂಚಿದರು. 23ನೇ ಮೈಲಿಯಲ್ಲಿ 30,000ಕ್ಕೂ ಹೆಚ್ಚು ಗುಳ್ಳೆಗಳು. ಜಗತ್ತಿನ ಪತ್ರಿಕೆಗಳೆಲ್ಲ ಅದರ ಫೋಟೋ ಹಾಕಿದವು. ಅದೇ ವರ್ಷ ಆಯೋಜಕರು ಇನ್ನೊಂದು ಕೆಲಸವನ್ನೂ ಮಾಡಿದ್ದರು. ಪಾನೀಯ ಕೊಡುವ ಜಾಗಗಳನ್ನು 26ರಿಂದ 19ಕ್ಕೆ ಇಳಿಸಿದ್ದರು. ಹಿಂದಿನ ವರ್ಷ 9,20,000 ಇದ್ದ ಪ್ಲಾಸ್ಟಿಕ್ ಬಾಟಲಿಗಳ ಸಂಖ್ಯೆ 7,04,000ಕ್ಕೆ ಬಂತು. ಅಂದರೆ 2,16,000 ಬಾಟಲಿ ಕಡಿಮೆ. ಗುಳ್ಳೆಗಳ ಸಂಖ್ಯೆಯ ಏಳು ಪಟ್ಟು. ಸುದ್ದಿಯಾಗಿದ್ದು ಗುಳ್ಳೆ. ಕಸದ ಲೆಕ್ಕ ಇಳಿದಿದ್ದು ಬಹುಪಾಲು ಟೇಬಲ್ ತೆಗೆದಿದ್ದರಿಂದ ಅಂತ ನನಗನಿಸುತ್ತದೆ.

ಇಳಿದ ಮೇಲೂ ಅದು ಸಣ್ಣ ಸಂಖ್ಯೆಯಲ್ಲ ಬಿಡಿ. ಆ ವರ್ಷ ಓಡಿದವರು 40,000ಕ್ಕೂ ಹೆಚ್ಚು. ತಲೆಗೆ ಹದಿನಾರು-ಹದಿನೇಳು ಬಾಟಲಿ. ಅಷ್ಟು ನೀರನ್ನು ಯಾರೂ ಕುಡಿಯುವುದಿಲ್ಲ. ಎರಡು ಗುಟುಕು ಕುಡಿದು ಬಾಟಲಿ ಬಿಸಾಡುತ್ತಾರೆ. ಉಳಿದ ನೀರಿನ ಸಮೇತ ಅದು ರಸ್ತೆಯ ಮೇಲೆ ಉರುಳುತ್ತಿರುತ್ತದೆ, ಹಿಂದೆ ಬರುವವರ ಕಾಲಿಗೆ ಸಿಗುತ್ತದೆ.

ಹಾಗಾದರೆ ಎಷ್ಟು ನೀರು ಬೇಕು? ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮದಲ್ಲೇ ರಸ್ತೆ ಓಟಗಳಲ್ಲಿ ಸುಮಾರು 5 ಕಿ.ಮೀ.ಗೆ ಒಂದು ಕಡೆ ನೀರು ಇರಬೇಕು ಅಂತಿದೆ. ಅಷ್ಟಾದರೂ ಅನೇಕ ಓಟಗಳಲ್ಲಿ ಎರಡು-ಮೂರು ಕಿ.ಮೀ.ಗೊಂದು ಟೇಬಲ್ ಕಾಣುತ್ತದೆ. ಜಾಸ್ತಿ ಕೊಟ್ಟರೆ ಒಳ್ಳೆಯದೇ ಅಲ್ವಾ ಅನ್ನೋ ಭಾವನೆ. ಯಾವಾಗಲೂ ಹಾಗಲ್ಲ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಅವರಲ್ಲಿ 13 ಶೇಕಡಾ ಮಂದಿಗೆ ರಕ್ತದ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆಯಾಗಿತ್ತು. 2005ರಲ್ಲಿ ಪ್ರಕಟವಾದ ಆ ಅಧ್ಯಯನ, ಓಡುವಾಗ ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿ ಈ ಅಪಾಯ ಜಾಸ್ತಿ ಅಂತ ತೋರಿಸಿತು. ಬಾಯಾರಿದಾಗ ಕುಡಿಯಿರಿ ಅನ್ನೋ ಸಲಹೆ ಆಮೇಲೆ ಗಟ್ಟಿಯಾಯಿತು.

ಇಲ್ಲಿ ಎಚ್ಚರವೂ ಬೇಕು. ಕಸ ಕಡಿಮೆ ಮಾಡುವ ಹುಮ್ಮಸ್ಸಿನಲ್ಲಿ ಸೆಕೆಯ ದಿನ ನೀರಿನ ಟೇಬಲ್ ತೆಗೆದುಹಾಕಿದರೆ ಪೆಟ್ಟು ಬೀಳುವುದು ನಿಧಾನವಾಗಿ ಓಡುವವರಿಗೆ. ಮುಂದೆ ಓಡುವವರು 10 ಕಿ.ಮೀ.ಯನ್ನು ನಲವತ್ತು ನಿಮಿಷದಲ್ಲಿ ಮುಗಿಸಿ ನೆರಳಿಗೆ ಹೋಗಿರುತ್ತಾರೆ. ಹಿಂದಿನವರು ಗಂಟೆ ಗಟ್ಟಲೆ ಬಿಸಿಲಲ್ಲೇ ಇರುತ್ತಾರೆ. ಎಷ್ಟೋ ಓಟಗಳಲ್ಲಿ ಇವರು ಟೇಬಲ್ ತಲುಪುವಷ್ಟರಲ್ಲಿ ನೀರೇ ಮುಗಿದಿರುತ್ತದೆ, ಅವರಿಗೆ ಸಿಗುವುದು ಮುಂದಿನವರು ಬಿಸಾಡಿದ ಲೋಟಗಳ ಮೇಲೆ ಜಾರುವ ಭಾಗ್ಯ. ಟೇಬಲ್ ಕಡಿಮೆ ಮಾಡುವವರು ನೀರನ್ನು ಕಡಿಮೆ ಮಾಡಬಾರದು. ದೊಡ್ಡ ಕ್ಯಾನುಗಳಲ್ಲಿ ಹೆಚ್ಚುವರಿ ನೀರು ಇಟ್ಟುಕೊಂಡಿರಬೇಕು. ಕ್ಯಾನಿನಲ್ಲಿ ಉಳಿದ ನೀರು ಕಸವಲ್ಲ.

5 ಕಿ.ಮೀ. ಓಟದ ಮಾತೇ ಬೇರೆ. ಆರೋಗ್ಯವಂತರಿಗೆ, ಹಿತವಾದ ಹವೆಯಲ್ಲಿ, ಅರ್ಧ-ಮುಕ್ಕಾಲು ಗಂಟೆಯ ಓಟದ ನಡುವೆ ನೀರು ಕಡ್ಡಾಯವೇನಲ್ಲ. ಇದಕ್ಕೆ ಪಾರ್ಕ್‌ರನ್ ಸಾಕ್ಷಿ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ 13 ಜನ ಓಡಿ ಶುರುವಾದ ಈ ವಾರದ ಓಟ ಇವತ್ತು ಹಲವು ದೇಶಗಳಲ್ಲಿ ನಡೆಯುತ್ತದೆ. ಅಲ್ಲಿ ಬಿಬ್ (ಎದೆಗೆ ಸಿಕ್ಕಿಸುವ ನಂಬರಿನ ಹಾಳೆ) ಇಲ್ಲ, ಪದಕ ಇಲ್ಲ, ಉಚಿತ ಸಾಮಾನು ತುಂಬಿದ ಗುಡೀ ಬ್ಯಾಗ್ ಇಲ್ಲ. ಓಟಗಾರರು ತಮ್ಮದೇ ಬಾರ್‌ಕೋಡ್ ತರುತ್ತಾರೆ. ಓಟ ಮುಗಿಸಿದಾಗ ಕೈಗೊಂದು ಟೋಕನ್ ಕೊಡುತ್ತಾರೆ, ಸ್ಕ್ಯಾನ್ ಮಾಡಿದ ಮೇಲೆ ಅದನ್ನು ವಾಪಸ್ ಇಸಿದುಕೊಳ್ಳುತ್ತಾರೆ. ಮುಂದಿನ ವಾರಕ್ಕೂ ಅದೇ ಟೋಕನ್. ಅಲ್ಲಿ ಕಸ ಕಡಿಮೆ ಇರುವುದಕ್ಕೆ ಓಟಗಾರರು ಹೆಚ್ಚು ಸಜ್ಜನರು ಅನ್ನೋದು ಕಾರಣವಲ್ಲ. ಬಿಸಾಡೋಕೆ ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಎಲ್ಲ ಓಟಗಳೂ ಹಾಗಿರಲು ಆಗದು. ಲೋಟ ಕೊಡಲೇಬೇಕಾದ ಕಡೆ ಕಸದ ಡಬ್ಬಿ ಎಲ್ಲಿಡಬೇಕು ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಡಬ್ಬಿ ಇರುವುದು ಟೇಬಲ್ಲಿನ ಪಕ್ಕದಲ್ಲೇ. ಅಲ್ಲಿ ಅದನ್ನು ಇಟ್ಟರೂ ಒಂದೇ ಬಿಟ್ಟರೂ ಒಂದೇ. ಯಾಕೆಂದರೆ ಓಡುತ್ತಲೇ ಲೋಟ ತೆಗೆದುಕೊಂಡವರು ಅದರ ಬಾಯಿಯನ್ನು ಹಿಸುಕಿ ಕೊಕ್ಕಿನ ಥರ ಮಾಡಿ, ಚೂರು ಚೂರೇ ಹೀರುತ್ತಾ ಮುಂದೆ ಹೋಗುತ್ತಿರುತ್ತಾರೆ. ಲೋಟ ಖಾಲಿಯಾಗಲು ಅರ್ಧ ನಿಮಿಷ ಹಿಡಿಯುತ್ತದೆ ಅಂದುಕೊಳ್ಳಿ. ಕಿ.ಮೀ.ಗೆ 8 ನಿಮಿಷದ ವೇಗದಲ್ಲಿ ಹೋಗುವವರು ಅಷ್ಟರಲ್ಲಿ 60 ಮೀಟರ್ ದಾಟಿರುತ್ತಾರೆ. 6 ನಿಮಿಷದವರು 80 ಮೀಟರ್. ನಾಲ್ಕೂವರೆ ನಿಮಿಷದವರು 110 ಮೀಟರ್. ಅಂದರೆ ಖಾಲಿ ಲೋಟ ಕೈಯಲ್ಲಿರುವುದು ಟೇಬಲ್ಲಿನ ಹತ್ತಿರ ಅಲ್ಲವೇ ಅಲ್ಲ. ಡಬ್ಬಿಗಳ ಸಾಲು 30 ಮೀಟರಿಗೆ ಶುರುವಾಗಿ 150 ಮೀಟರ್ ತನಕ ಹರಡಿರಬೇಕು. ನೀರಿನ ಟೇಬಲ್ ಇರುವ ಬದಿಯಲ್ಲೇ ಇರಬೇಕು. ಅಗಲ ಬಾಯಿಯ, ಎದೆ ಎತ್ತರದ ಡಬ್ಬಿಯಾದರೆ ಓಡುತ್ತಲೇ ಹಾಕಬಹುದು. ಕೊನೆಯದರ ಮೇಲೆ ‘ಇದೇ ಕೊನೆಯ ಡಬ್ಬಿ’ ಅಂತ ದೊಡ್ಡದಾಗಿ ಬರೆದಿರಬೇಕು. ಮುಂದೆ ಇನ್ನೊಂದು ಇರಬಹುದು ಅನ್ನೋ ಅನುಮಾನದಲ್ಲೇ ಎಷ್ಟೋ ಲೋಟ ಪೊದೆಗೆ ಬೀಳುತ್ತವೆ.

ಇನ್ನೊಂದು ದಾರಿ ಇದಕ್ಕಿಂತ ಸರಳ: ನಿಂತು ಕುಡಿಯಿರಿ ಅಂತ ಹೇಳುವುದು. ಸಮುದಾಯ ಓಟದಲ್ಲಿ ಬಹುಮಾನಕ್ಕೆ ಓಡುವವರು ಬೆರಳೆಣಿಕೆಯಷ್ಟು ಮಂದಿ. ಉಳಿದವರಿಗೆ ಹತ್ತು ಸೆಕೆಂಡ್ ಹೋದರೆ ಆಕಾಶ ಕಳಚಿ ಬೀಳುವುದಿಲ್ಲ. ಟೇಬಲ್ಲಿನ ಹಿಂದೆ ಒಂದಿಷ್ಟು ಜಾಗ ಬಿಟ್ಟು, ಅಲ್ಲೇ ಡಬ್ಬಿ ಇಟ್ಟರೆ ಲೋಟ ರಸ್ತೆಗೆ ಬರುವುದೇ ಇಲ್ಲ.

ಮೊದಲ ಹತ್ತು ಲೋಟ ಎಲ್ಲಿ ಬಿದ್ದವು ಅನ್ನೋದೂ ಮುಖ್ಯ. 1990ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ಪಾರ್ಕಿಂಗ್ ಜಾಗದಲ್ಲಿ ಕಾರುಗಳ ಗಾಜಿಗೆ ಕರಪತ್ರ ಸಿಕ್ಕಿಸಿದ್ದರು. ಕಾರಿನವರು ಬರುವಾಗ ಅವರ ಕಣ್ಣೆದುರೇ ಒಬ್ಬ ಕಾಗದ ಬಿಸಾಡಿ ಹೋಗುವಂತೆ ಮಾಡಿದರು. ನೆಲ ಮೊದಲೇ ಕಸದಿಂದ ತುಂಬಿದ್ದಾಗ 54 ಶೇಕಡಾ ಮಂದಿ ತಮ್ಮ ಕರಪತ್ರವನ್ನೂ ನೆಲಕ್ಕೆ ಹಾಕಿದರು. ನೆಲ ಸ್ವಚ್ಛವಾಗಿದ್ದಾಗ, ಅದೇ ದೃಶ್ಯ ನೋಡಿಯೂ, ಹಾಗೆ ಮಾಡಿದ್ದು 6 ಶೇಕಡಾ ಮಾತ್ರ. ಓಟದ ಟೇಬಲ್ಲಿಗೆ ಇದನ್ನು ಅನ್ವಯಿಸಿದರೆ, ಕಸ ಎತ್ತುವ ಕೆಲಸವನ್ನು ಓಟ ಮುಗಿದ ಮೇಲಕ್ಕೆ ಇಟ್ಟುಕೊಳ್ಳುವುದೇ ತಪ್ಪು. ಎಲ್ಲರಿಗಿಂತ ಮುಂದೆ ಓಡುವ ಗುಂಪು ದಾಟುತ್ತಿದ್ದಂತೆ ಇಬ್ಬರು ಕುಂಟೆ ಹಿಡಿದು ಲೋಟಗಳನ್ನು ಬದಿಗೆ ಎಳೆಯುತ್ತಿರಬೇಕು. ದೊಡ್ಡ ಗುಂಪು ಬರುವ ಹೊತ್ತಿಗೆ ರಸ್ತೆ ಚೊಕ್ಕಟವಾಗಿ ಕಾಣಬೇಕು. ಇದರಿಂದ ಇನ್ನೊಂದು ಲಾಭವೂ ಇದೆ. ನೂರಾರು ಜನ ತುಳಿದ ಒದ್ದೆ ಪೇಪರ್ ಲೋಟ ಡಾಂಬರಿಗೆ ಮೆತ್ತಿಕೊಳ್ಳುತ್ತದೆ. ರಸ್ತೆ ಬಿಟ್ಟುಕೊಟ್ಟು ವಾಹನ ಹರಿದ ಮೇಲಂತೂ ಅದನ್ನು ಉಗುರಲ್ಲಿ ಕೆರೆದು ತೆಗೆಯಬೇಕು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಮಣ್ಣಿನಲ್ಲಿ ಕರಗುವ ಲೋಟ ತಂದರೆ ಸಾಲದೇ? ನನಗೆ ಇದರ ಮೇಲೆ ಅಷ್ಟು ನಂಬಿಕೆಯಿಲ್ಲ. ಮಾಮೂಲಿ ಪೇಪರ್ ಲೋಟದ ಒಳಗೆ ನೀರು ಸೋರದಿರಲಿ ಅಂತ ಪಾಲಿಥೀನಿನ ತೆಳು ಪದರ ಇರುತ್ತದೆ. ಅದಕ್ಕೇ ಅದು ಹಳೇ ಪೇಪರ್ ಜೊತೆ ಸಲೀಸಾಗಿ ಮರುಬಳಕೆಗೆ ಹೋಗುವುದಿಲ್ಲ. ‘ಕಾಂಪೋಸ್ಟೆಬಲ್’ ಲೋಟದಲ್ಲಿ ಆ ಪದರ ಸಾಮಾನ್ಯವಾಗಿ ಪಿಎಲ್‌ಎ ಅನ್ನೋ ಗಿಡಮೂಲದ ಪ್ಲಾಸ್ಟಿಕ್. ಅದು ಕರಗುತ್ತದೆ ನಿಜ, ಆದರೆ ಕರಗಬೇಕಾದರೆ ಸುಮಾರು 58 ಡಿಗ್ರಿ ಬಿಸಿ ಇರುವ ದೊಡ್ಡ ಗೊಬ್ಬರ ಘಟಕ ಬೇಕು. ಯುರೋಪಿನ ಇಎನ್ 13432 ಮಾನದಂಡ ಕೂಡ ಅಂಥ ಘಟಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಳೆಯುತ್ತದೆ: 12 ವಾರದಲ್ಲಿ ಚೂರಾಗಬೇಕು, ಆರು ತಿಂಗಳೊಳಗೆ 90 ಶೇಕಡಾ ಕೊಳೆಯಬೇಕು. ಚರಂಡಿಯಲ್ಲಿ ಬಿದ್ದ ಲೋಟಕ್ಕೆ ಆ ಬಿಸಿ ಎಲ್ಲಿಂದ ಬರಬೇಕು? ಹತ್ತಿರದಲ್ಲಿ ಘಟಕ ಇದೆ, ಲೋಟಗಳನ್ನು ಬೇರೆಯಾಗಿ ಸಂಗ್ರಹಿಸಿ ಅಲ್ಲಿಗೇ ಕಳಿಸುತ್ತೇವೆ, ಅವರು ತಗೊಳ್ಳುತ್ತಾರೆ ಅಂತ ಮೊದಲೇ ಮಾತಾಡಿಕೊಂಡಿದ್ದರೆ ಸರಿ. ಇಲ್ಲದಿದ್ದರೆ ಅದು ಹಸಿರು ಅಕ್ಷರ ಅಚ್ಚಾದ ಇನ್ನೊಂದು ಲೋಟ, ಅಷ್ಟೇ. ಜೊತೆಗೆ ‘ಹೇಗೂ ಕರಗುತ್ತೆ ಬಿಡು’ ಅಂತ ಬಿಸಾಡೋಕೆ ಒಂದು ನೆಪ ಬೇರೆ.

ಲೋಟವನ್ನೇ ಕೈಬಿಟ್ಟವರೂ ಇದ್ದಾರೆ. ಕಾಡು-ಬೆಟ್ಟದ ಓಟಗಳಲ್ಲಿ ಇದು ಈಗ ಮಾಮೂಲು. ಆಲ್ಪ್ಸ್ ಪರ್ವತಗಳಲ್ಲಿ ಮಾಂಟ್ ಬ್ಲಾಂಕ್ ಶಿಖರದ ಸುತ್ತ ನಡೆಯುವ ಯುಟಿಎಂಬಿ ಅನ್ನೋ ಓಟದಲ್ಲಿ ಸ್ವಂತ ಲೋಟ ಕಡ್ಡಾಯ ಸಾಮಾನಿನ ಪಟ್ಟಿಯಲ್ಲೇ ಇದೆ. ಮಡಚಿ ಜೇಬಿಗೆ ಹಾಕಿಕೊಳ್ಳುವ ಮೆತ್ತನೆಯ ಲೋಟ ಸಾಕು. ರಸ್ತೆ ಓಟಕ್ಕೆ ಇದನ್ನು ತರುವಾಗ ತೊಡಕಾಗುವುದು ಸರದಿ ಸಾಲು. ಸಾವಿರ ಜನ ನಲವತ್ತು ನಿಮಿಷದಲ್ಲಿ ಒಂದು ಜಾಗ ದಾಟಿದರೆ ನಿಮಿಷಕ್ಕೆ 25 ಮಂದಿ. ಒಂದು ನಲ್ಲಿಯಲ್ಲಿ ತುಂಬಿಸಿಕೊಳ್ಳಲು ಹತ್ತು ಸೆಕೆಂಡ್ ಬೇಕು ಅಂದರೆ ನಿಮಿಷಕ್ಕೆ ಆರು ಜನ. ಸರಾಸರಿಗೇ ಐದು ನಲ್ಲಿ ಬೇಕಾಯಿತು. ಜನ ಸಮನಾಗಿ ಬರುವುದಿಲ್ಲ, ಗುಂಪಾಗಿ ಬರುತ್ತಾರೆ. ಹಾಗಾಗಿ ಹತ್ತಾದರೂ ಇರಲಿ. ಜಗ್ಗು ಹಿಡಿದು ಸುರಿಯುವ ಸ್ವಯಂಸೇವಕರಿದ್ದರೆ ಇನ್ನೂ ಬೇಗ. ಈ ಲೆಕ್ಕ ಹಾಕದೆ ಎರಡು ನಲ್ಲಿ ಇಟ್ಟು ‘ಲೋಟವಿಲ್ಲದ ಓಟ’ ಅಂತ ಘೋಷಿಸಿದರೆ ಮೊದಲ ವರ್ಷವೇ ಜಗಳ, ಎರಡನೇ ವರ್ಷ ಲೋಟ ವಾಪಸ್.

ತೊಳೆದು ಮತ್ತೆ ಬಳಸುವ ಗಟ್ಟಿ ಲೋಟ ಚೆನ್ನಾಗಿ ನಡೆಯುವುದು ಮುಗಿಯುವ ಜಾಗದಲ್ಲಿ. ಅಲ್ಲಿ ಜನ ನಿಂತಿರುತ್ತಾರೆ, ಎಲ್ಲಿಗೂ ಓಡುತ್ತಿರುವುದಿಲ್ಲ. ಇಲ್ಲಿ ನೋಡಬೇಕಾದ್ದು ವಾಪಸ್ ಬರುವ ಪ್ರಮಾಣ. ಪ್ರತಿ ಸಲ ನೂರಕ್ಕೆ ಹತ್ತು ಕಳೆದುಹೋದರೆ ಒಂದು ಲೋಟ ಸರಾಸರಿ ಹತ್ತು ಸಲ ಬಳಕೆಯಾಗುತ್ತದೆ. ನೂರಕ್ಕೆ ಎರಡು ಮಾತ್ರ ಕಳೆದರೆ ಐವತ್ತು ಸಲ. ಲೋಟದ ಮೇಲೆ ಓಟದ ಹೆಸರು, ವರ್ಷ ಅಚ್ಚು ಹಾಕಿಸಿದರೆ ಜನ ನೆನಪಿಗೆ ಅಂತ ಮನೆಗೆ ಒಯ್ಯುತ್ತಾರೆ. ಬೋಳು ಲೋಟವೇ ವಾಸಿ.

ದಂಡ ಹಾಕಿದರೆ ಸರಿಹೋಗುತ್ತಾರೆ ಅನ್ನುವವರು ಇದ್ದಾರೆ. ಸಹಾರಾ ಮರುಭೂಮಿಯ ಮ್ಯಾರಥಾನ್ ದೆ ಸಾಬ್ಲ್‌ನಲ್ಲಿ ನೀರಿನ ಬಾಟಲಿಯ ಮೇಲೆ ಓಟಗಾರರ ಸಂಖ್ಯೆ ಬರೆಯುತ್ತಿದ್ದರು, ದಾರಿಯಲ್ಲಿ ಸಿಕ್ಕರೆ ಯಾರದ್ದು ಅಂತ ಗೊತ್ತಾಗುತ್ತಿತ್ತು, ಸಮಯದ ದಂಡ ಬೀಳುತ್ತಿತ್ತು. ಅಲ್ಲಿ ಅದು ನಡೆಯುತ್ತಿತ್ತು. ಸೈಕ್ಲಿಂಗ್‌ನಲ್ಲಿ 2021ರಲ್ಲಿ ಕಸ ಎಸೆಯುವುದರ ಮೇಲೆ ಕಟ್ಟುನಿಟ್ಟಿನ ನಿಯಮ ಬಂತು. ಅದಾದ ಕೆಲವೇ ದಿನಕ್ಕೆ ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್ ಸ್ಪರ್ಧೆಯಲ್ಲಿ ಸ್ವಿಟ್ಜರ್‌ಲೆಂಡಿನ ಮಿಖಾಯೆಲ್ ಶೇರ್ ಹೊರಬೀಳಬೇಕಾಯಿತು. ಅವರು ಬಾಟಲಿ ಎಸೆದಿದ್ದು ಅಭಿಮಾನಿಗಳ ಕಡೆಗೆ. ಅಂಥ ಬಾಟಲಿಯನ್ನು ಅಭಿಮಾನಿಗಳು ಜೋಪಾನವಾಗಿ ಮನೆಗೆ ಒಯ್ಯುತ್ತಾರೆ. ನಿಯಮ ಸರಿಯೇ, ಸಿಕ್ಕಿಬಿದ್ದವರು ಬೇರೆ. ನೆರೆಹೊರೆಯವರು ಸೇರಿ ಓಡುವ ಓಟದಲ್ಲಿ ದಂಡದಿಂದ ಕೆಲಸವಾಗದು. ನೋಡುವವರಿಲ್ಲ. ಸಮಯದ ದಂಡಕ್ಕೆ ಹೆದರುವವರು ಅದಕ್ಕಿಂತ ಕಡಿಮೆ.

ಕಣ್ಣಿಗೆ ಬೀಳದ ಕಸದ ಬಗ್ಗೆ ಎರಡು ಮಾತು. ಒಂದು ಬಿಬ್‌ಗೆ ನಾಲ್ಕು ಸೇಫ್ಟಿ ಪಿನ್, ಸಾವಿರ ಜನಕ್ಕೆ ನಾಲ್ಕು ಸಾವಿರ. ಮುಗಿಯುವಲ್ಲಿ ಒಂದು ಡಬ್ಬ ಇಟ್ಟರೆ ಬಹುಪಾಲು ವಾಪಸ್ ಬರುತ್ತವೆ, ಪಾರ್ಕಿನ ಹುಲ್ಲಿನಲ್ಲಿ ಮಕ್ಕಳ ಕಾಲಿಗೆ ಚುಚ್ಚುವುದಿಲ್ಲ. ದಾರಿ ತೋರಿಸಲು ಕಟ್ಟಿದ ರಿಬ್ಬನ್, ಅದನ್ನು ಬಿಗಿದ ಪ್ಲಾಸ್ಟಿಕ್ ಟೈ ತಿಂಗಳಾದರೂ ಕಂಬದಲ್ಲೇ ಇರುತ್ತವೆ. ಕೊನೆಯ ಓಟಗಾರನ ಹಿಂದೆ ಬರುವವರ ಕೈಗೆ ಒಂದು ಕತ್ತರಿ ಕೊಡಿ. ಇನ್ನು ಗುಡೀ ಬ್ಯಾಗ್. ಅದರೊಳಗಿನ ಕರಪತ್ರ, ಸ್ಯಾಂಪಲ್ ಪೊಟ್ಟಣಗಳು ಪಾರ್ಕಿಂಗ್ ಜಾಗ ದಾಟುವುದೇ ಅಪರೂಪ. ನೋಂದಣಿ ಫಾರಂನಲ್ಲಿ ‘ಟೀ ಶರ್ಟ್ ಬೇಡ’, ‘ಪದಕ ಬೇಡ’, ‘ಬ್ಯಾಗ್ ಬೇಡ’ ಅಂತ ಮೂರು ಗುರುತು ಹಾಕುವ ಮನೆ ಇಟ್ಟರೆ ಖರ್ಚಿಲ್ಲದೆ ಎಷ್ಟೋ ಸಾಮಾನು ಬರುವುದೇ ನಿಲ್ಲುತ್ತದೆ. ಬೀರು ತುಂಬ ಓಟದ ಟೀ ಶರ್ಟ್ ಇರುವವರು ಖುಷಿಯಿಂದಲೇ ಗುರುತು ಹಾಕುತ್ತಾರೆ.

ಆಯೋಜಕರಿಗೆ ನಿಜವಾಗಿ ಕಷ್ಟವಾಗುವುದು ಪ್ರಾಯೋಜಕರಿಗೆ ಬೇಡ ಅನ್ನುವುದು. ಬಾಟಲಿ ನೀರಿನ ಕಂಪನಿ ಪುಕ್ಕಟೆಯಾಗಿ ಲೋಡುಗಟ್ಟಲೆ ಬಾಟಲಿ ಕೊಡುತ್ತೇನೆ ಅಂದರೆ ಯಾರು ಬಿಡುತ್ತಾರೆ? ಆದರೆ ಕೊಡೋದು ಪುಕ್ಕಟೆ, ಎತ್ತೋದು ಪುಕ್ಕಟೆಯಲ್ಲ. ಸಂಜೆಯ ತನಕ ಬಗ್ಗಿ ಬಾಟಲಿ ಹೆಕ್ಕುವವರು ಸ್ವಯಂಸೇವಕರು, ಮಾರನೇ ದಿನ ಉಳಿದದ್ದನ್ನು ಹೆಕ್ಕುವವರು ಪೌರಕಾರ್ಮಿಕರು. ಅರ್ಧ ನೀರಿರುವ ಬಾಟಲಿ ಮರುಬಳಕೆಯ ಚೀಲಕ್ಕೆ ಬಿದ್ದರೆ ಚೀಲವೇ ಹಾಳು. ಅದೇ ಕಂಪನಿಯನ್ನು ದೊಡ್ಡ ಕ್ಯಾನ್ ಕೊಡಿ, ಬ್ಯಾನರ್ ನಿಮ್ಮದೇ ಹಾಕುತ್ತೇವೆ ಅಂತ ಕೇಳಬಹುದು. ಒಪ್ಪದಿದ್ದರೆ ನೀರು ಬೇರೆ ಕಡೆ ಸಿಗುತ್ತದೆ.

ಓಟ ಮುಗಿದ ಮೇಲೆ ಚೀಲಗಳನ್ನು ಒಂದು ತಕ್ಕಡಿಗೆ ನೇತುಹಾಕಿ ತೂಗುವುದು ಅರ್ಧ ಗಂಟೆಯ ಕೆಲಸ. ಒಟ್ಟು ತೂಕವನ್ನು ಓಟ ಮುಗಿಸಿದವರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಇಷ್ಟು ಗ್ರಾಂ ಅಂತ ಸಿಗುತ್ತದೆ. ಇದನ್ನು ಫಲಿತಾಂಶದ ಜೊತೆಗೇ ಪ್ರಕಟಿಸಿದರೆ ಒಂದು ವರ್ಷಕ್ಕೂ ಇನ್ನೊಂದಕ್ಕೂ ಹೋಲಿಸಬಹುದು. ‘ಇಷ್ಟು ಟನ್ ಕಸ ಸಂಗ್ರಹಿಸಿದೆವು’ ಅಂತ ಹೆಮ್ಮೆಪಡುವ ವರದಿಗಳು ನನಗೆ ವಿಚಿತ್ರವಾಗಿ ಕಾಣುತ್ತವೆ. ಅಷ್ಟನ್ನು ತಂದವರೂ ನೀವೇ ಅಲ್ವಾ?

ಆದರೂ ಆಯೋಜಕರ ಪಟ್ಟಿಯಲ್ಲಿ ಇಲ್ಲದ ಕಸವೊಂದಿದೆ. ಅದು ಓಟಗಾರರು ಜೇಬಲ್ಲಿ ತರುವ ಎನರ್ಜಿ ಜೆಲ್, ಅಂದರೆ ಶಕ್ತಿಗೆ ಅಂತ ಓಡುತ್ತಲೇ ಹೀರುವ ಸಿಹಿ ಪಾಕದ ಪೊಟ್ಟಣ. ಈ ಪೊಟ್ಟಣ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ್ದು, ಬಿಡಿಸಿ ಮರುಬಳಕೆ ಮಾಡುವುದು ಬಹಳ ಕಷ್ಟ. ಪೊಟ್ಟಣವನ್ನಾದರೂ ಕೆಲವರು ಜೇಬಿಗೆ ಹಾಕಿಕೊಳ್ಳುತ್ತಾರೆ. ಹಲ್ಲಿನಲ್ಲಿ ಕಚ್ಚಿ ಕಿತ್ತ ಅದರ ತುದಿಯನ್ನು ಮಾತ್ರ ಪಕ್ಕಕ್ಕೆ ಉಗಿದುಬಿಡುತ್ತಾರೆ. ಉಗುರಿನಷ್ಟು ಗಾತ್ರದ ಆ ಚೂರು ಕುಂಟೆಗೂ ಸಿಗುವುದಿಲ್ಲ, ಪೊರಕೆಗೂ ಸಿಗುವುದಿಲ್ಲ. ಮಳೆ ಬಂದರೆ ಮೋರಿಯ ಜಾಲರಿಯೊಳಗೆ ಹೋಗುತ್ತದೆ. ಕಿತ್ತರೂ ಪೊಟ್ಟಣಕ್ಕೇ ಅಂಟಿಕೊಂಡಿರುವ ತುದಿ ಮಾಡುವುದು ಸಾಧ್ಯ, ಕೆಲವು ತಯಾರಕರು ಮಾಡಿಯೂ ಇದ್ದಾರೆ. ಬಾಟಲಿ ಮುಚ್ಚಳದ ವಿಷಯದಲ್ಲಿ ಐರೋಪ್ಯ ಒಕ್ಕೂಟ ಇದನ್ನೇ ಕಾನೂನು ಮಾಡಿತು. ಮೂರು ಲೀಟರ್ ತನಕದ ಬಳಸಿ ಬಿಸಾಡುವ ಪಾನೀಯ ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳ 2024ರ ಜುಲೈ 3ರಿಂದ ಬಾಟಲಿಗೇ ಅಂಟಿಕೊಂಡಿರಬೇಕು. ಜೆಲ್ ಪೊಟ್ಟಣ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಸದ್ಯಕ್ಕೆ ಇದನ್ನು ಕೇಳಬಲ್ಲವರು ಎರಡೇ ಕಡೆ ಇದ್ದಾರೆ: ಅಂಗಡಿಯಲ್ಲಿ ಆರಿಸಿ ಕೊಳ್ಳುವ ಓಟಗಾರರು, ಮತ್ತು ಜೆಲ್ ಕಂಪನಿಯನ್ನು ಪ್ರಾಯೋಜಕರಾಗಿ ಒಪ್ಪಿಕೊಳ್ಳುವ ಮೊದಲು ಪೊಟ್ಟಣ ಹರಿದು ನೋಡುವ ಆಯೋಜಕರು.